ಸೊಟ್ಟ ಹಾಲ್, ಓರೆ ಗೋಡೆ, ನಡುವೆ ಕಂಬ: ಮನೆಯ ಹಾಲ್ ಜೋಡಿಸುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಮನೆ ಒಳಾಂಗಣದ ಕೆಲಸಕ್ಕೆ ಹೋದಾಗ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾಲ್ಕೂ ಮೂಲೆ ಸರಿಯಾಗಿರುವ ಹಾಲ್‌ಗೆ ಸಲಹೆ ಎಲ್ಲ ಕಡೆ ಸಿಗುತ್ತದೆ. ಇದು ಹಾಗಿಲ್ಲದ ಹಾಲ್ ಇಟ್ಟುಕೊಂಡು ಏನು ಮಾಡಬೇಕು ಅಂತ ತಲೆ ಕೆಡಿಸಿಕೊಂಡವರಿಗೆ. ನಾನು ಹೇಳುವುದು ಇಷ್ಟೇ: ಮೊದಲು ಓಡಾಡುವ ದಾರಿ, ಆಮೇಲೆ ಕೂರುವ ಜಾಗ, ಕೊನೆಗೆ ಅಲಂಕಾರ. ಈ ಕ್ರಮ ತಿರುಗಿಸಿದರೆ ಎಷ್ಟು ದುಡ್ಡು ಸುರಿದರೂ ಹಾಲ್ ಇಕ್ಕಟ್ಟಾಗಿಯೇ ಉಳಿಯುತ್ತದೆ.

ನಮ್ಮ ಹಾಲ್ ಇಂಥ ಆಕಾರಕ್ಕೆ ಯಾಕೆ ಬಂತು? ಅದನ್ನು ತಿಳಿದುಕೊಂಡು ಏನು ಪ್ರಯೋಜನ?

ನಮ್ಮ ಊರಲ್ಲಿ ಸಾಮಾನ್ಯವಾಗಿ ಮೂರು ಕಾರಣ ಇರುತ್ತವೆ. ಮೊದಲನೆಯದು ಪಾಲು. ಚೌಕಿಪೇಟೆ, ಮಂಡಿಪೇಟೆ ಕಡೆಯ ಹಳೇ ಮನೆಗಳು ಅಣ್ಣ ತಮ್ಮಂದಿರಿಗೆ ಭಾಗವಾದಾಗ ಎಲ್ಲರಿಗೂ ಬೀದಿ ಕಡೆ ಬಾಗಿಲು ಬೇಕು. ಹಾಗಾಗಿ ಅಗಲ ಒಡೆಯುತ್ತದೆ, ಉದ್ದ ಹಾಗೇ ಉಳಿಯುತ್ತದೆ. ದೊಡ್ಡ ಪಡಸಾಲೆ ಇದ್ದದ್ದು ಎರಡು ಸಣಕಲು ಹಾಲ್ ಆಗುತ್ತದೆ. ಎರಡನೆಯದು ಸೈಟು. ಬಡಾವಣೆಗಳಲ್ಲಿ 30x40 ಸೈಟು ನೇರವಾಗಿರುತ್ತದೆ, ಆದರೆ ರಸ್ತೆ ತಿರುವಿನಲ್ಲಿ, ಚಾನೆಲ್ ಪಕ್ಕದಲ್ಲಿ, ಹಳೇ ಹೊಲದ ಬದು ಹಾದುಹೋದ ಕಡೆ ಓರೆ ಸೈಟುಗಳು ಸಿಗುತ್ತವೆ. ಮೂರನೆಯದು ಆಮೇಲೆ ಸೇರಿಸಿದ ಕೆಲಸ. ಮಹಡಿ ಕಟ್ಟುವಾಗ ಮೆಟ್ಟಿಲನ್ನು ಹಾಲ್ ಒಳಗೇ ತಂದಿರುತ್ತಾರೆ, ಇಲ್ಲವೇ ವರಾಂಡಾ ಮುಚ್ಚಿ ಹಾಲ್‌ಗೆ ಸೇರಿಸಿರುತ್ತಾರೆ.

ಕಾರಣ ಗೊತ್ತಾದರೆ ಯಾವ ಗೋಡೆ ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಅಂತ ಗೊತ್ತಾಗುತ್ತದೆ. ಪಾಲಾದ ಮನೆಯ ನಡುಗೋಡೆ ಇಬ್ಬರದ್ದು. ಅದಕ್ಕೆ ಡ್ರಿಲ್ ಹಾಕುವ ಮೊದಲು ಆ ಕಡೆ ಏನಿದೆ ಕೇಳಿ, ನಲ್ಲಿ ಪೈಪೋ ವೈರೋ ಇರಬಹುದು. ಸೇರಿಸಿದ ವರಾಂಡಾ ಆಗಿದ್ದರೆ ಹಳೇ ಹೊರಗೋಡೆಯ ತುಂಡು ಹಾಲ್ ನಡುವೆ ಉಳಿದಿರುತ್ತದೆ. ಅದರ ಮೇಲೆ ಸೂರಿನ ಭಾರ ಇರುವುದು ಜಾಸ್ತಿ. ಇಂಜಿನಿಯರ್ ಬಂದು ನೋಡದೆ ಅದಕ್ಕೆ ಸುತ್ತಿಗೆ ಹಾಕಿಸಬೇಡಿ.

ಸೋಫಾ ನೋಡೋಕೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಏನು ಮಾಡಬೇಕು?

ಟೇಪು, ಸೀಮೆಸುಣ್ಣ, ಒಂದಿಷ್ಟು ಹಳೇ ಪೇಪರ್ ತೆಗೆದುಕೊಳ್ಳಿ. ಮೊದಲು ಹಾಲ್‌ನ ನಾಲ್ಕೂ ಬದಿ ಅಳೆಯಿರಿ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎದುರುಬದುರು ಬದಿಗಳು ಸಮ ಇದ್ದೂ ಕರ್ಣಗಳು ಬೇರೆ ಬೇರೆ ಬಂದರೆ ಹಾಲ್ ಓರೆಯಾಗಿದೆ ಎಂದು ಅರ್ಥ. ಒಂದೊಂದೇ ಮೂಲೆ ನೋಡಬೇಕಾದರೆ ಗಾರೆಯವರ ಲೆಕ್ಕ ಇದೆ: ಮೂಲೆಯಿಂದ ಒಂದು ಗೋಡೆಗುಂಟ 3 ಅಡಿ, ಇನ್ನೊಂದು ಗೋಡೆಗುಂಟ 4 ಅಡಿ ಗುರುತು ಮಾಡಿ. ಆ ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆಮಟ್ಟ ಸರಿಯಿದೆ. ಜಾಸ್ತಿ ಬಂದರೆ ಮೂಲೆ ಅಗಲಿದೆ, ಕಡಿಮೆ ಬಂದರೆ ಒಳಗೆ ಮುಚ್ಚಿಕೊಂಡಿದೆ.

ಆಮೇಲೆ ದಾರಿ. ಬಾಗಿಲಿನಿಂದ ಅಡುಗೆಮನೆಗೆ, ಬಚ್ಚಲಿಗೆ, ರೂಮಿಗೆ, ಮೆಟ್ಟಿಲಿಗೆ ಮನೆಯವರು ದಿನಾ ಹೇಗೆ ನಡೆಯುತ್ತಾರೋ ಹಾಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮುಖ್ಯ ದಾರಿ 3 ಅಡಿ ಅಗಲ ಇರಲಿ, ತೀರಾ ಜಾಗ ಇಲ್ಲದಿದ್ದರೆ ಎರಡೂವರೆ ಅಡಿ. ಈ ಗೆರೆಗಳ ಮೇಲೆ ಏನೂ ಬರಬಾರದು. ಉಳಿದ ಜಾಗವೇ ನಿಮ್ಮ ನಿಜವಾದ ಹಾಲ್. ಅದು ಎಷ್ಟೋ ಸಲ ಕಣ್ಣಿಗೆ ಕಂಡದ್ದರ ಅರ್ಧ ಇರುತ್ತದೆ.

ಮೂರು ಜನ ಕೂರುವ ಸೋಫಾ ಆರೂವರೆಯಿಂದ 7 ಅಡಿ ಉದ್ದ, ಹತ್ತಿರ ಹತ್ತಿರ 3 ಅಡಿ ಆಳ ಇರುತ್ತದೆ. ದಿವಾನ 6 ಅಡಿಗೆ ಎರಡೂವರೆ ಅಥವಾ 3 ಅಡಿ. ಆ ಅಳತೆಗೆ ಪೇಪರ್ ಅಂಟಿಸಿ ನೆಲದ ಮೇಲೆ ಹಾಸಿ. ಎರಡು ದಿನ ಹಾಗೇ ಬಿಡಿ. ಯಾರ ಕಾಲಿಗೆ ಪೇಪರ್ ಹರಿಯಿತು ಅಂತ ನೋಡಿದರೆ ಸಾಕು, ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಹಾಲ್‌ನಲ್ಲಿ ಹಿಡಿಸುವ ಸೋಫಾ ಬಾಗಿಲಲ್ಲಿ ಹಿಡಿಸಬೇಕಲ್ವಾ? ಓಣಿ ತಿರುವು, ಮೆಟ್ಟಿಲ ತಿರುವು, ಬಾಗಿಲ ಚೌಕಟ್ಟು ಮೂರನ್ನೂ ಅಳೆದುಕೊಂಡು ಹೋಗಿ.

ನಮ್ಮದು ರೈಲು ಡಬ್ಬಿ ಥರದ ಹಾಲ್. ಅಗಲ ಒಂಬತ್ತೂವರೆ ಅಡಿ, ಉದ್ದ 24 ಅಡಿ. ಏನು ಮಾಡಿದರೂ ಓಣಿ ಅನಿಸುತ್ತದೆ. ಏನು ಮಾಡೋದು?

ಹಳೇ ದಾವಣಗೆರೆಯಿಂದ ಜಾಸ್ತಿ ಬರುವ ಪ್ರಶ್ನೆ ಇದು. ಇಂಥ ಹಾಲ್‌ನಲ್ಲಿ ಎರಡೂ ಉದ್ದ ಗೋಡೆಗೆ ಸೋಫಾ ಒತ್ತರಿಸಿ, ನಡುವೆ ಟೀಪಾಯಿ ಹಾಕಿ, ತುದಿಯ ಗೋಡೆಗೆ ಟಿವಿ ತೂಗುಹಾಕುವುದು ರೂಢಿ. ಆಗ ಕೂತವರೆಲ್ಲ ಕತ್ತು ತಿರುಗಿಸಿ ನೋಡಬೇಕು. ಒಳಗೆ ಹೋಗುವವರು ಎಲ್ಲರ ಮಂಡಿ ತಪ್ಪಿಸಿಕೊಂಡು ನಡೆಯಬೇಕು.

ಲೆಕ್ಕ ಹಾಕಿ ನೋಡೋಣ. ಒಂಬತ್ತೂವರೆ ಅಡಿಯಲ್ಲಿ ಒಂದು ಸೋಫಾ 3 ಅಡಿ ತೆಗೆದುಕೊಂಡರೆ ಆರೂವರೆ ಉಳಿಯಿತು. ಎದುರಿಗೆ ಇನ್ನೊಂದು ಸೋಫಾ ಹಾಕಿದರೆ ಮೂರೂವರೆ. ಅದರಲ್ಲಿ ಟೀಪಾಯಿ, ಕೂತವರ ಕಾಲು, ಓಡಾಡುವ ದಾರಿ ಮೂರೂ ಹಿಡಿಯಲ್ಲ. ಅದರ ಬದಲು ಉದ್ದವನ್ನು ಮೂರು ಪಾಲು ಮಾಡಿ. ಬಾಗಿಲ ಹತ್ತಿರದ 6 ಅಡಿ ಬಂದು ಹೋಗುವ ಜಾಗ: ಚಪ್ಪಲಿ ಗೂಡು, ಕೂತು ಚಪ್ಪಲಿ ಹಾಕಿಕೊಳ್ಳಲು ಚಿಕ್ಕ ಬೆಂಚು, ಬೀಗದ ಕೈ ನೇತುಹಾಕುವ ಮೊಳೆ. ನಡುವಿನ 11 ಅಡಿ ಎಲ್ಲರೂ ಸೇರುವ ಜಾಗ. ಹಿಂದಿನ 7 ಅಡಿ ಊಟಕ್ಕೆ, ಇಲ್ಲವೇ ಮಕ್ಕಳ ಓದಿಗೆ.

ನಡುವಿನ ಪಾಲಿನಲ್ಲಿ ಒಂದೇ ಉದ್ದ ಗೋಡೆಗೆ ಸೋಫಾ ಇರಲಿ. ಟಿವಿ ಎದುರಿನ ಉದ್ದ ಗೋಡೆಗೆ ಬರಲಿ, ಕೆಳಗೆ 1 ಅಡಿಗಿಂತ ಆಳ ಇಲ್ಲದ ತೆಳು ಶೆಲ್ಫ್ ಸಾಕು. ಕೂತ ಜಾಗದಿಂದ ಟಿವಿಗೆ ಆರು ಅಡಿ ಆಸುಪಾಸು ಸಿಗುತ್ತದೆ, 43 ಇಂಚಿನ ಟಿವಿಗೆ ಅಷ್ಟು ಸಾಕು. 55 ಇಂಚಿನದು ಬೇಕೇ ಬೇಕು ಅಂತ ಮಕ್ಕಳು ಹಠ ಹಿಡಿದರೂ ಈ ಹಾಲ್‌ಗೆ ಅದು ಹತ್ತಿರವಾಯಿತು. ಸೋಫಾ ಸಾಲಿಗೆ ಅಡ್ಡಲಾಗಿ, ಬಾಗಿಲ ಕಡೆಗೆ ಬೆನ್ನು ಮಾಡಿ ಒಂದು ಒಂಟಿ ಕುರ್ಚಿ ಹಾಕಿ. ಅದು ಬಂದು ಹೋಗುವ ಜಾಗಕ್ಕೂ ಕೂರುವ ಜಾಗಕ್ಕೂ ಗಡಿ ಹಾಕುತ್ತದೆ, ಗೋಡೆ ಕಟ್ಟುವ ಕೆಲಸವೇ ಇಲ್ಲ. ದೊಡ್ಡ ಟೀಪಾಯಿ ಬಿಡಿ. ಪಕ್ಕಕ್ಕೆ ಎಳೆಯಬಹುದಾದ ಎರಡು ಸಣ್ಣ ಸ್ಟೂಲು ಸಾಕು.

ಬಣ್ಣದ್ದೂ ಒಂದು ಉಪಾಯ ಇದೆ. ಉದ್ದ ಗೋಡೆಗಳಿಗೆ ತಿಳಿ ಬಣ್ಣ, ತುದಿಯ ಚಿಕ್ಕ ಗೋಡೆಗೆ ಸ್ವಲ್ಪ ಗಾಢ ಬಣ್ಣ ಹೊಡೆಸಿ. ಗಾಢ ಬಣ್ಣದ ಗೋಡೆ ಕಣ್ಣಿಗೆ ಮುಂದೆ ಬಂದಂತೆ ಕಾಣುತ್ತದೆ, ಹಾಲ್‌ನ ಉದ್ದ ಕಡಿಮೆ ಅನಿಸುತ್ತದೆ. ಜಮಖಾನೆ ಹಾಸಿದರೆ ಪಟ್ಟೆ ಅಡ್ಡಕ್ಕೆ ಬರಲಿ. ಉದ್ದಕ್ಕೆ ಬಂದರೆ ಹಾಲ್ ಇನ್ನೂ ಉದ್ದ ಕಾಣುತ್ತದೆ.

ಫ್ಯಾನ್ ಎರಡು ಬೇಕು. 48 ಇಂಚಿನ ಒಂದು ಫ್ಯಾನ್ ನಡುವೆ ಹಾಕಿದರೆ 24 ಅಡಿಯ ಎರಡೂ ತುದಿಗೆ ಗಾಳಿ ಮುಟ್ಟಲ್ಲ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಅದು ಸಣ್ಣ ವಿಷಯ ಅಲ್ಲ.

ಎಲ್ ಆಕಾರದ ಹಾಲ್. ಚಿಕ್ಕ ತೋಳಿನ ಕಡೆ ಯಾರೂ ಹೋಗಿ ಕೂರಲ್ಲ. ಸುಮ್ನೆ ಸಾಮಾನು ತುಂಬಿದೆ.

ಆ ತೋಳಿಗೆ ಒಂದು ಕೆಲಸ ಕೊಡಿ, ಒಂದೇ ಕೆಲಸ. ಟಿವಿ ಎರಡೂ ಕಡೆಗೆ ಕಾಣಬೇಕು ಅಂತ ಒಳಮೂಲೆಗೆ ತೂಗುಹಾಕಿಸುತ್ತಾರೆ. ಆಗ ಯಾವ ಕಡೆಗೂ ನೆಟ್ಟಗೆ ಕಾಣಲ್ಲ. ಟಿವಿ ದೊಡ್ಡ ತೋಳಿಗೆ ಬಿಟ್ಟುಬಿಡಿ. ಚಿಕ್ಕ ತೋಳು ಟಿವಿ ಕಾಣದ ಜಾಗವಾಗಲಿ. ಅಜ್ಜಿಯ ಮಂಚ, ಹೊಲಿಗೆ ಮೆಷಿನ್, ಎಸ್ಸೆಸ್ಸೆಲ್ಸಿ ಓದುವ ಮಗುವಿನ ಮೇಜು ಇವುಗಳಲ್ಲಿ ನಿಮ್ಮ ಮನೆಗೆ ಯಾವುದು ಬೇಕೋ ಅದು. ಅಲ್ಲಿಗೇ ಬೇರೆ ದೀಪ, ಬೇರೆ ಸ್ವಿಚ್ ಇರಲಿ. ದೀಪ ಇಲ್ಲದ ಕಡೆ ಜನ ಕೂರಲ್ಲ, ಬರೀ ಸಾಮಾನು ಬಂದು ಸೇರುತ್ತದೆ.

ಒಂದು ಗೋಡೆ ಓರೆ. ಈ ತುದಿಗೂ ಆ ತುದಿಗೂ ಒಂದೂವರೆ ಅಡಿ ವ್ಯತ್ಯಾಸ. ಸೋಫಾ ಯಾವ ಗೋಡೆಗೆ ಸಮ ಮಾಡಿ ಇಡಬೇಕು?

ನೇರವಾಗಿರುವ ಗೋಡೆಗೆ. ಓರೆ ಗೋಡೆಗೆ ಸೋಫಾ ಒತ್ತರಿಸಿದರೆ ಸೋಫಾವೂ ಓರೆ, ಅದರ ಮುಂದಿನ ಜಮಖಾನೆಯೂ ಓರೆ, ಇಡೀ ಹಾಲ್ ತಿರುಚಿದ ಹಾಗೆ ಕಾಣುತ್ತದೆ. ಹಾಲ್‌ನ ಅತಿ ಉದ್ದದ ನೇರ ಗೋಡೆ ಯಾವುದು ನೋಡಿ. ಎಲ್ಲ ಸಾಮಾನೂ ಅದಕ್ಕೆ ಸಮನಾಗಿ ನಿಲ್ಲಲಿ. ಆಗ ಓರೆ ಗೋಡೆಯ ಹತ್ತಿರ ತ್ರಿಕೋನದ ಒಂದು ತುಂಡು ಜಾಗ ಉಳಿಯುತ್ತದೆ. ಜನಕ್ಕೆ ಬೇಜಾರು ಅದೇ. ನನಗೆ ಮಾತ್ರ ಆ ಮನೆಯಲ್ಲಿ ತುಂಬಾ ಇಷ್ಟವಾಗುವ ಜಾಗ ಅದು.

ಅಲ್ಲಿ ಗೋಡೆ ಉದ್ದಕ್ಕೂ ಬೀರು ಮಾಡಿಸಿ. ಹಿಂಬದಿ ಓರೆ ಗೋಡೆಗೆ ಅಂಟಿಕೊಂಡಿರಲಿ, ಮುಂಬದಿ ಹಾಲ್‌ಗೆ ನೇರವಾಗಿರಲಿ. ಒಂದು ತುದಿಯಲ್ಲಿ ಆರು ಇಂಚು ಆಳ, ಇನ್ನೊಂದು ತುದಿಯಲ್ಲಿ 2 ಅಡಿ ಆಳ ಬರುತ್ತದೆ. ತೆಳ್ಳಗಿನ ಕಡೆ ಔಷಧಿ ಡಬ್ಬಿ, ಸಣ್ಣ ಪುಸ್ತಕ, ಚಾರ್ಜರ್. ನಡುವೆ ದೊಡ್ಡ ಪುಸ್ತಕ, ಫೈಲು. ಆಳದ ಕಡೆ ಗಾದಿ, ದಿಂಬು, ಕೌದಿ. ಬಾಗಿಲು ಹಾಕಿದರೆ ಒಳಗೆ ಗೋಡೆ ಓರೆ ಇದೆ ಅಂತ ಹೊಸಬರಿಗೆ ಗೊತ್ತೇ ಆಗಲ್ಲ. ಹಾಲ್ ಚೌಕವಾಯಿತು, ಸಾಮಾನು ಇಡಲು ಜಾಗವೂ ಆಯಿತು.

ಟೈಲ್ಸ್ ಹಾಕಿಸುವವರು ಇದನ್ನು ಮೊದಲೇ ಯೋಚಿಸಬೇಕು. ಗೋಡೆ ಓರೆ ಇರುವುದು ಟೈಲ್ಸ್ ಗೆರೆಯಲ್ಲಿ ಎದ್ದು ಕಾಣುತ್ತದೆ, ಯಾಕಂದರೆ ಅಂಚಿನ ತುಂಡುಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ನೇರ ಗೋಡೆಯಿಂದ ಪೂರ್ತಿ ಟೈಲ್ಸ್ ಶುರು ಮಾಡಿಸಿ, ಕತ್ತರಿಸಿದ ತುಂಡುಗಳೆಲ್ಲ ಬೀರು ಕೆಳಗೆ ಹೋಗುವ ಹಾಗೆ ನೋಡಿಕೊಳ್ಳಿ.

ಹಾಲ್ ನಡುವೆ ಕಂಬ ಇದೆ. ತೆಗೆಸಬಹುದಾ?

ಬೇಡ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಮಹಡಿ. ಕಂಬವನ್ನು ಒಪ್ಪಿಕೊಂಡೇ ಕೆಲಸ ಮಾಡೋಣ.

ಬಯಲುಸೀಮೆಯ ಹಳೇ ಮಾಳಿಗೆ ಮನೆಗಳಲ್ಲಿ ಕಂಬ ಇಲ್ಲದ ಪಡಸಾಲೆಯೇ ಇರಲಿಲ್ಲ. ಮನೆಯ ಅಳತೆಯನ್ನೇ ಅಂಕಣದ ಲೆಕ್ಕದಲ್ಲಿ ಹೇಳುತ್ತಿದ್ದರು, ಎರಡು ಕಂಬದ ಸಾಲಿನ ನಡುವಿನ ಜಾಗ ಒಂದು ಅಂಕಣ. ಒಂದರಲ್ಲಿ ಹಿರಿಯರು, ಒಂದರಲ್ಲಿ ಕಾಳು ಕೇರುವವರು, ಒಂದರಲ್ಲಿ ತೊಟ್ಟಿಲು. ಕಂಬಗಳೇ ಜಾಗ ಹಂಚುತ್ತಿದ್ದವು. ನಿಮ್ಮ ಒಂಟಿ ಕಾಂಕ್ರೀಟ್ ಕಂಬಕ್ಕೂ ಅದೇ ಕೆಲಸ ಕೊಡಿ. ಸೋಫಾದ ಒಂದು ತುದಿ ಕಂಬಕ್ಕೆ ಮುಟ್ಟಲಿ. ಇಲ್ಲವೇ ಕಂಬದಿಂದ ಹತ್ತಿರದ ಗೋಡೆಗೆ ಸೊಂಟದೆತ್ತರದ ಶೆಲ್ಫ್ ಮಾಡಿಸಿ, ಆ ಕಡೆ ಊಟ, ಈ ಕಡೆ ಹರಟೆ. ಕಂಬದ ಸುತ್ತ ಒಂದೂವರೆ ಅಡಿ ಎತ್ತರದ ಕಟ್ಟೆ ಕಟ್ಟಿಸುವುದೂ ಚೆನ್ನ, ಆದರೆ ಹಾಲ್ 14 ಅಡಿಗಿಂತ ಅಗಲ ಇದ್ದರೆ ಮಾತ್ರ.

ಕಂಬಕ್ಕೆ ಕನ್ನಡಿ ಅಂಟಿಸುವುದು, ಥಳಥಳ ಹೊಳೆಯುವ ಹಾಳೆ ಸುತ್ತುವುದು ನನಗೆ ಸರಿ ಅನಿಸಲ್ಲ. ಗೋಡೆಯ ಬಣ್ಣವನ್ನೇ ಹೊಡೆಸಿ, ಅಂಚುಗಳನ್ನು ಸ್ವಲ್ಪ ಉರುಟು ಮಾಡಿಸಿ. ಓಡಾಡುವ ಮಕ್ಕಳ ಹಣೆ ಬಡಿಯುವುದು ಆ ಅಂಚಿಗೇ. ನಿಮ್ಮದು ಹಳೇ ಮರದ ಕಂಬವಾಗಿದ್ದರೆ ದಯವಿಟ್ಟು ಪೇಂಟ್ ಬಳಿಸಬೇಡಿ. ಹಳೇ ಪೇಂಟ್ ತೆಗೆಸಿ, ಎಣ್ಣೆ ಒರೆಸಿ ಬಿಡಿ.

ಹಾಲ್‌ಗೆ ಐದು ಬಾಗಿಲು! ಗೋಡೆಯೇ ಇಲ್ಲ. ಸೋಫಾ ಎಲ್ಲಿ ಇಡೋದು?

ಐದರಲ್ಲಿ ದಿನಾ ತೆರೆಯುವುದು ಎಷ್ಟು? ಸಾಮಾನ್ಯವಾಗಿ ಒಂದು ಬಾಗಿಲು ಯಾರಿಗೂ ಬೇಡವಾಗಿರುತ್ತದೆ. ಅದಕ್ಕೆ ಚಿಲಕ ಹಾಕಿ, ಮುಂದೆ ಪುಸ್ತಕದ ಶೆಲ್ಫ್ ನಿಲ್ಲಿಸಿ. ಊಟದ ಜಾಗದ ಕಡೆಯ ಬಾಗಿಲಿನ ಕದ ಬಿಚ್ಚಿಸಿ ಚೌಕಟ್ಟು ಮಾತ್ರ ಉಳಿಸಿಕೊಳ್ಳಿ. ಕದ ತಿರುಗಲು ಬೇಕಿದ್ದ 3 ಅಡಿ ಜಾಗ ನಿಮಗೆ ವಾಪಸ್ ಬರುತ್ತದೆ. ರೂಮಿನ ಕದ ಹಾಲ್ ಕಡೆಗೆ ತೆರೆಯುತ್ತಿದ್ದರೆ ಒಳಗೆ ತೆರೆಯುವಂತೆ ತಿರುಗಿಸಿ ಹಾಕಿಸಿ. ಸೋಫಾ ಗೋಡೆಗೇ ತಾಗಿರಬೇಕು ಅಂತಿಲ್ಲ. ಹಿಂದೆ ದಾರಿ ಬಿಟ್ಟು ಹಾಲ್ ನಡುವೆಯೇ ಬೆನ್ನು ತೋರಿಸಿ ಇಡಬಹುದು. ಬೆನ್ನಿನ ಬಟ್ಟೆ ಚೆನ್ನಾಗಿರುವ ಸೋಫಾ ಆರಿಸಿ ಅಷ್ಟೇ.

ಮೆಟ್ಟಿಲ ಕೆಳಗಿನ ಜಾಗ?

ಎಳೆಯುವ ಡ್ರಾಯರ್ ಮಾಡಿಸಿ. ಗೂಡು ಮಾಡಿಸಿದರೆ ಒಳಗೆ ತೂರಿಕೊಂಡು ಹುಡುಕಬೇಕಾಗುತ್ತದೆ. ಎತ್ತರದ ಕಡೆ ಒಬ್ಬರು ಕೂತು ಓದುವಷ್ಟು ಜಾಗ ಸಿಗುತ್ತದೆ, ಮಕ್ಕಳಿಗೆ ಅದು ಬಲು ಇಷ್ಟ.

ಎರಡು ಎಚ್ಚರಿಕೆ. ಇನ್ವರ್ಟರ್ ಬ್ಯಾಟರಿ ಅಲ್ಲೇ ಇಡುವುದಾದರೆ ಗಾಳಿ ಆಡುವ ಹಾಗೆ ಜಾಲರಿ ಬಾಗಿಲು ಹಾಕಿಸಿ. ನೀರು ಹಾಕುವ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದು ಮುಚ್ಚಿದ ಜಾಗದಲ್ಲಿ ತುಂಬಿಕೊಳ್ಳಬಾರದು. ಗ್ಯಾಸ್ ಸಿಲಿಂಡರ್ ಮಾತ್ರ ಅಲ್ಲಿ ಇಡಲೇಬೇಡಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ಆ ಮೂಲೆಯಲ್ಲೇ ನಿಲ್ಲುತ್ತದೆ.

ಹಾಲ್ ಪಶ್ಚಿಮಕ್ಕಿದೆ. ಸಂಜೆ 4ರ ಮೇಲೆ ಕೂರೋಕೆ ಆಗಲ್ಲ. ದಪ್ಪ ಪರದೆ ಹಾಕಿದರೂ ಬಿಸಿ. ಯಾಕೆ?

ಬಿಸಿಲು ಗಾಜು ದಾಟಿ ಒಳಗೆ ಬಂದ ಮೇಲೆ ಪರದೆಗೆ ಬಡಿಯುತ್ತದೆ. ಪರದೆ ಕಾಯುತ್ತದೆ, ಆ ಕಾವು ಹಾಲ್ ಒಳಗೇ ಉಳಿಯುತ್ತದೆ. ಹಾಗಾಗಿ ಬಿಸಿಲನ್ನು ಹೊರಗೇ ತಡೆಯಬೇಕು. ಸಜ್ಜಾ ಇದೆಯಲ್ಲ ಅಂತ ಕೇಳುತ್ತಾರೆ. ದಾವಣಗೆರೆ ಇರುವುದು ಸುಮಾರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಬಿಸಿಲನ್ನು ಎರಡು ಅಡಿ ಸಜ್ಜಾ ಚೆನ್ನಾಗಿ ತಡೆಯುತ್ತದೆ. ಸಂಜೆಯ ಸೂರ್ಯ ಕೆಳಗಿಳಿದಿರುತ್ತಾನೆ, ಅಡ್ಡಡ್ಡ ಬರುತ್ತಾನೆ. ಸಜ್ಜಾದ ಕೆಳಗಿಂದಲೇ ಒಳಗೆ ನುಗ್ಗುತ್ತಾನೆ.

ಕಿಟಕಿಯ ಹೊರಗೆ ಬಿದಿರಿನ ಪರದೆ ಇಳಿಬಿಡಿ. ಕೆಳತುದಿ ಗ್ರಿಲ್‌ಗೆ ಕಟ್ಟಿ, ಇಲ್ಲದಿದ್ದರೆ ಮುಂಗಾರಿನ ಗಾಳಿಗೆ ಹರಿದುಹೋಗುತ್ತದೆ. ಲಾವಂಚದ ಪರದೆಗೆ ನೀರು ಚಿಮುಕಿಸಿದರೆ ನಮ್ಮ ಒಣ ಬೇಸಿಗೆಯಲ್ಲಿ ಚೆನ್ನಾಗಿ ತಂಪು ಕೊಡುತ್ತದೆ, ಘಮವೂ ಇರುತ್ತದೆ. ಸಂಜೆ 6ಕ್ಕೆ ಪರದೆ ಎತ್ತಿ, ಎದುರುಬದುರು ಕಿಟಕಿ ತೆರೆದುಬಿಡಿ. ಟಿವಿಯನ್ನು ಪಶ್ಚಿಮದ ಕಿಟಕಿಗೆ ಎದುರಾಗಿ ಇಡಬೇಡಿ, ಟಿವಿಯ ಗಾಜಿನ ಮೇಲೆ ಬರೀ ಬಿಸಿಲು ಕಾಣುತ್ತದೆ.

ಗೋಡೆಗೆ ಯಾವ ಬಣ್ಣ ಹೊಡೆಸೋದು?

ಬಣ್ಣಕ್ಕಿಂತ ಮೊದಲು ಗೋಡೆ ನೋಡಿ. ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ ಬಿರುಕು ಸಾಮಾನ್ಯ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಬುನಾದಿ ಅದರ ಜೊತೆ ಅಲುಗುತ್ತದೆ. ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಇದ್ದರೆ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ತಾರೀಖು ಬರೆದಿಡಿ. ಕೆಲವು ತಿಂಗಳಲ್ಲಿ ಬಿರುಕು ಗುರುತು ದಾಟಿ ಬೆಳೆದಿದ್ದರೆ ಪುಟ್ಟಿ ಹಚ್ಚಿ ಮುಚ್ಚುವ ಕೆಲಸ ಅಲ್ಲ ಅದು, ಇಂಜಿನಿಯರ್ ನೋಡಬೇಕು. ಗೋಡೆಯ ಬುಡದಲ್ಲಿ ಉಪ್ಪು ಉಬ್ಬಿ ಪೇಂಟ್ ಉದುರುತ್ತಿದ್ದರೆ ತೇವದ ಮೂಲ ಹುಡುಕಿಸಿ. ಅದರ ಮೇಲೆ ಎಷ್ಟು ದುಬಾರಿ ಪೇಂಟ್ ಹೊಡೆದರೂ ಮುಂದಿನ ಮಳೆಗಾಲಕ್ಕೆ ಎದ್ದು ಬರುತ್ತದೆ.

ಸೊಟ್ಟ ಹಾಲ್‌ಗೆ ಗೋಡೆಗೊಂದು ಬಣ್ಣ ಬೇಡ. ಬಣ್ಣ ಬದಲಾದ ಕಡೆಯೆಲ್ಲ ಮೂಲೆ ಎದ್ದು ಕಾಣುತ್ತದೆ. ಗೋಡೆಗಳಿಗೆಲ್ಲ ಒಂದೇ ತಿಳಿ ಬಣ್ಣ, ಸೂರಿಗೆ ಬಿಳಿ. ರೈಲು ಡಬ್ಬಿ ಹಾಲ್‌ನ ತುದಿ ಗೋಡೆಗೆ ಮಾತ್ರ ಮೇಲೆ ಹೇಳಿದ ವಿನಾಯಿತಿ. ಕೆಂಪು ಗಾರೆ ನೆಲ ಉಳಿದಿದ್ದರೆ ಅದರ ಮೇಲೆ ಟೈಲ್ಸ್ ಹಾಕಿಸುವ ಮೊದಲು ಇನ್ನೊಮ್ಮೆ ಯೋಚಿಸಿ. ಕೆನೆ ಬಣ್ಣದ ಗೋಡೆಯ ಜೊತೆ ಅದಕ್ಕಿಂತ ಚೆಂದದ ನೆಲ ನನಗೆ ಗೊತ್ತಿಲ್ಲ. ಮಂಡಕ್ಕಿ ಭಟ್ಟಿಗಳ ಆಸುಪಾಸಿನ ಮನೆಗಳಲ್ಲಿ ಹೊಗೆ, ಮಸಿ ಜಾಸ್ತಿ. ಅಲ್ಲಿ ಒರೆಸಿ ತೊಳೆಯಬಹುದಾದ ಎಮಲ್ಷನ್ನೇ ಬೇಕು, ಡಿಸ್ಟೆಂಪರ್ ಸಾಲದು.

ಒಂದು ಟ್ಯೂಬ್‌ಲೈಟ್ ಇದೆ. ಅರ್ಧ ಹಾಲ್ ಕತ್ತಲು.

ಸೊಟ್ಟ ಹಾಲ್‌ಗೆ ಒಂದು ದೊಡ್ಡ ದೀಪಕ್ಕಿಂತ ನಾಲ್ಕು ಚಿಕ್ಕ ದೀಪ ಒಳ್ಳೆಯದು. ಕೂರುವ, ಓದುವ, ಊಟದ ಜಾಗಕ್ಕೆ ಒಂದೊಂದು. ಕೂರುವ ಕಡೆ 3000 ಕೆಲ್ವಿನ್ ಎಂದು ಬರೆದಿರುವ ಹಳದಿ ಛಾಯೆಯ ಎಲ್‌ಇಡಿ ಹಾಕಿ. 6500 ಕೆಲ್ವಿನ್ನಿನ ಬಿಳಿ ಬೆಳಕು ಅಡುಗೆಮನೆಗೆ, ಓದುವ ಮೇಜಿಗೆ ಸರಿ. ಕತ್ತಲ ಮೂಲೆಗೆ ಬೆಳಕನ್ನು ಗೋಡೆಗೆ ಬೀಳಿಸಿ. ಗೋಡೆ ಬೆಳಗಿದರೆ ಹಾಲ್ ದೊಡ್ಡದಾಗಿ ಕಾಣುತ್ತದೆ.

ಫಾಲ್ಸ್ ಸೀಲಿಂಗ್ ಹಾಕಿಸಿದರೆ ಸೊಟ್ಟು ಮುಚ್ಚುತ್ತದಾ?

ಇಲ್ಲ. ಸೂರು 10 ಅಡಿ ಎತ್ತರ ಇಲ್ಲದಿದ್ದರೆ ಹಾಕಿಸಲೇಬೇಡಿ. ಅದು ಅರ್ಧ ಅಡಿ ಕೆಳಗೆ ಬರುತ್ತದೆ, ಫ್ಯಾನ್ ಇನ್ನೂ ಕೆಳಗೆ ಬರುತ್ತದೆ. ಫ್ಯಾನಿನ ರೆಕ್ಕೆ ನೆಲದಿಂದ 7 ಅಡಿಗಿಂತ ಕೆಳಗಿರಬಾರದು. ಆ ದುಡ್ಡನ್ನು ಓರೆ ಗೋಡೆಯ ಬೀರುವಿಗೆ ಹಾಕಿ.

ಕಿಟಕಿ ಚಿಕ್ಕದು, ಒಂದು ಮೂಲೆಗೆ ಸರಿದಿದೆ. ಪರದೆ ಹೇಗೆ ಹಾಕಿದರೆ ಚೆಂದ?

ರಾಡನ್ನು ಕಿಟಕಿಗಿಂತ ಅರ್ಧ ಅಡಿ ಮೇಲೆ, ಜಾಗ ಇರುವ ಕಡೆಗೆ ಒಂದು ಅಡಿಯಷ್ಟು ಅಗಲವಾಗಿ ಹಾಕಿಸಿ. ಪರದೆ ನೆಲದವರೆಗೆ ಬರಲಿ. ಕಿಟಕಿ ದೊಡ್ಡದಾಗಿಯೂ ನಡುವಿಗೆ ಬಂದ ಹಾಗೂ ಕಾಣುತ್ತದೆ. ರಾಡಿನ ಉದ್ದದ ಎರಡರಷ್ಟಾದರೂ ಬಟ್ಟೆ ತನ್ನಿ, ಕಡಿಮೆ ತಂದರೆ ನೆರಿಗೆ ಬೀಳಲ್ಲ. ಹತ್ತಿ ಬಟ್ಟೆಯೇ ತನ್ನಿ. ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು ನಮ್ಮದು, ಬಟ್ಟೆ ಮುಟ್ಟಿ ನೋಡಿ ಕೊಳ್ಳುವ ಹಿರಿಯರು ಎಲ್ಲರ ಮನೆಯಲ್ಲೂ ಇದ್ದಾರೆ. ಅವರನ್ನೂ ಅಂಗಡಿಗೆ ಕರೆದುಕೊಂಡು ಹೋಗಿ.

ದುಗ್ಗಮ್ಮನ ಜಾತ್ರೆಗೆ ಮನೆ ತುಂಬಾ ನೆಂಟರು. ಸೋಫಾ ತುಂಬಿದ ಹಾಲ್‌ನಲ್ಲಿ ಅವರನ್ನೆಲ್ಲ ಎಲ್ಲಿ ಕೂರಿಸೋದು?

ಇದನ್ನು ಕೇಳದ ಮನೆಯೇ ಇಲ್ಲ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಹೆಣ್ಣುಮಕ್ಕಳು, ಅಳಿಯಂದಿರು, ಬೀಗರು ಎಲ್ಲ ಬರುತ್ತಾರೆ. ಊಟ, ಮಲಗುವುದು ಎಲ್ಲ ಹಾಲ್‌ನಲ್ಲೇ. ವರ್ಷವಿಡೀ ಚೆಂದ ಕಂಡು ಆ ದಿನ ಕೈಕೊಡುವ ಹಾಲ್ ನಮ್ಮ ಊರಿಗೆ ಹೊಂದುವ ಹಾಲ್ ಅಲ್ಲ.

ಹಾಗಾಗಿ ಗೋಡೆಗೆ ಕೂರಿಸಿದ ಸಾಮಾನು ಬಿಟ್ಟು ಉಳಿದದ್ದೆಲ್ಲ ಇಬ್ಬರು ಎತ್ತಿ ಸರಿಸುವಷ್ಟು ಹಗುರ ಇರಬೇಕು. ಮೂಲೆಗೆ ಸೇರಿಸಿ ಮಾಡುವ ಭಾರೀ ಸೋಫಾ ಸೆಟ್ ನಾನು ಬೇಡ ಅನ್ನುವುದು ಇದಕ್ಕೇ. ಒಂದು ಸೋಫಾ, ಒಂದು ದಿವಾನ, ಎರಡು ಬೆತ್ತದ ಕುರ್ಚಿ ಇದ್ದರೆ ಕುರ್ಚಿ ಮಹಡಿಗೆ ಹೋಗುತ್ತವೆ, ಸೋಫಾ ಗೋಡೆಗೆ ಸರಿಯುತ್ತದೆ, ದಿವಾನ ಒಬ್ಬ ಹಿರಿಯರ ಹಾಸಿಗೆ ಆಗುತ್ತದೆ.

ಪಂಕ್ತಿಯ ಲೆಕ್ಕ ಹೀಗೆ: ನೆಲದ ಮೇಲೆ ಕೂರುವ ಒಬ್ಬರಿಗೆ 2 ಅಡಿ ಅಗಲ ಬೇಕು. ಎಲೆಯೂ ಸೇರಿ ಮುಂದಕ್ಕೆ ಮೂರು ಅಡಿ ಬೇಕು. ಬಡಿಸುವವರಿಗೆ ಎರಡೂವರೆ ಅಡಿ ದಾರಿ. ಒಂಬತ್ತೂವರೆ ಅಡಿ ಅಗಲದ ಹಾಲ್ ಖಾಲಿ ಮಾಡಿದರೆ ಎದುರುಬದುರು ಎರಡು ಪಂಕ್ತಿ ಹಿಡಿಯುತ್ತದೆ. ಓಣಿ ಅಂತ ಬೈಸಿಕೊಂಡ ಹಾಲ್‌ನಲ್ಲೇ ಆ ದಿನ ಇಪ್ಪತ್ತು ಜನ ಒಟ್ಟಿಗೆ ಊಟಕ್ಕೆ ಕೂರುತ್ತಾರೆ.

ಹಾಸಲು ಜಮಖಾನೆ, ಚಳ್ಳಕೆರೆ ಕಡೆಯ ಕಂಬಳಿ, ಅಜ್ಜಿ ಹೊಲಿದ ಕೌದಿ ಇದ್ದೇ ಇರುತ್ತವೆ. ಅವನ್ನು ಟ್ರಂಕಿನಲ್ಲಿ ಮುಚ್ಚಿಡಬೇಡಿ. ಕೌದಿ ದಿವಾನದ ಮೇಲೆ ಹಾಸಿ. ಹಳೇ ಸೀರೆಗಳ ತುಂಡು ಸೇರಿಸಿ, ಮೈತುಂಬಾ ಓಡುಹೊಲಿಗೆ ಹಾಕಿದ ಅದರ ಬಣ್ಣಗಳ ಮುಂದೆ ಅಂಗಡಿಯ ಕವರ್ ಸಪ್ಪೆ. ಸವೆದ ಮೊಳಕಾಲ್ಮೂರು ರೇಷ್ಮೆ ಸೀರೆ ಇದ್ದರೆ ಸೆರಗಿನ ಭಾಗ ಉಳಿಸಿ ದಿಂಬಿನ ಚೀಲ ಹೊಲಿಸಿ. ಹಿಂಬದಿಗೆ ಹತ್ತಿ ಬಟ್ಟೆ ಕೊಡಿಸಿ, ಬರೀ ರೇಷ್ಮೆ ಬೇಗ ಪಿಸಿಯುತ್ತದೆ.

ವಾಸ್ತು ಪ್ರಕಾರ ನಮ್ಮದು ವ್ಯಾಘ್ರಮುಖ ಸೈಟು. ಏನಾದರೂ ಪರಿಹಾರ?

ಮುಂದೆ ಅಗಲ, ಹಿಂದೆ ಕಿರಿದು ಇದ್ದರೆ ವ್ಯಾಘ್ರಮುಖ, ಮುಂದೆ ಕಿರಿದು, ಹಿಂದೆ ಅಗಲ ಇದ್ದರೆ ಗೋಮುಖ ಅನ್ನುತ್ತಾರೆ. ಮನೆಯವರ ನಂಬಿಕೆ ನನಗೆ ಮುಖ್ಯ. ಹಿರಿಯರ ಮನಸ್ಸಿಗೆ ಸಮಾಧಾನ ಇಲ್ಲದ ಹಾಲ್‌ನಲ್ಲಿ ಯಾರಿಗೂ ನೆಮ್ಮದಿ ಇರಲ್ಲ. ದೇವರ ಗೂಡು ಈಶಾನ್ಯಕ್ಕೆ, ಭಾರದ ಬೀರು ನೈಋತ್ಯಕ್ಕೆ ಬೇಕು ಅಂದರೆ ಅದಕ್ಕೆ ತಕ್ಕಂತೆ ಜೋಡಿಸಬಹುದು. ಆದರೆ ವಾಸ್ತುವಿಗಾಗಿ ಕಿಟಕಿ ಮುಚ್ಚಿಸುವುದು, ತೊಲೆ ಒಡೆಸುವುದು ಬೇಡ. ಗಾಳಿ, ಬೆಳಕು ಹೋದ ಮೇಲೆ ಅದು ಕೂರುವ ಜಾಗವಾಗಿ ಉಳಿಯಲ್ಲ.

ಹಿರಿಯರ ಫೋಟೋಗಳು ತುಂಬಾ ಇವೆ. ಎಲ್ಲಿ, ಎಷ್ಟು ಎತ್ತರಕ್ಕೆ?

ಫೋಟೋದ ನಡುಭಾಗ ನೆಲದಿಂದ 5 ಅಡಿ ಹತ್ತಿರ ಇರಲಿ. ಸೂರಿನ ಹತ್ತಿರ ಬಾಗಿಸಿ ನೇತುಹಾಕುವುದು ಹಳೇ ಪದ್ಧತಿ, ಮುಖ ಕಾಣಲ್ಲ. ಎಲ್ಲ ಗೋಡೆಗೂ ಹಂಚದೆ ಒಂದೇ ಗೋಡೆಯಲ್ಲಿ ಸಾಲಾಗಿ ಹಾಕಿ. ಬಿಸಿಲು ನೇರ ಬೀಳುವ ಗೋಡೆ ಬೇಡ, ಫೋಟೋ ಮಾಸಿಹೋಗುತ್ತದೆ.

ಬಾಡಿಗೆ ಮನೆ. ಮೊಳೆ ಹೊಡೆಯಬಾರದು ಅಂತ ಮಾಲೀಕರು ಹೇಳಿದ್ದಾರೆ.

ಶೆಲ್ಫನ್ನು ನೆಲದ ಮೇಲೆ ನಿಲ್ಲಿಸಿ, ಫೋಟೋ ಅದರ ಮೇಲೆ ಒರಗಿಸಿ. ಬಟ್ಟೆ, ಜಮಖಾನೆ, ನಿಲ್ಲುವ ದೀಪ, ಗಿಡ ಇಷ್ಟರ ಮೇಲೆ ದುಡ್ಡು ಹಾಕಿ. ಹೋಗುವಾಗ ಜೊತೆಗೆ ಬರುತ್ತವೆ. ಓರೆ ಗೋಡೆಗೆ ಅಳತೆ ಕೊಟ್ಟು ಬೀರು ಮಾಡಿಸಬೇಡಿ, ಮುಂದಿನ ಮನೆಗೆ ಅದು ಹೊಂದಲ್ಲ.

ದುಡ್ಡು ಸ್ವಲ್ಪವೇ ಇದೆ. ಯಾವುದು ಮೊದಲು?

ಸೋರುವುದು, ತೇವ, ವೈರಿಂಗ್ ಮೊದಲು. ಆಮೇಲೆ ದೀಪ ಮತ್ತು ಬಣ್ಣ. ಆಮೇಲೆ ಬಡಗಿ ಕೆಲಸ. ಸೋಫಾ ಕೊನೆಗೆ. ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಯಾಕಂದರೆ ಸೋಫಾ ಬಂದವರ ಕಣ್ಣಿಗೆ ಕಾಣುತ್ತದೆ. ಹಳೇ ಸೋಫಾದ ಮರ ಗಟ್ಟಿಯಿದ್ದರೆ ಸ್ಪಂಜು, ಬಟ್ಟೆ ಬದಲಾಯಿಸಿದರೆ ಸಾಕು. ಹಿರಿಯರಿರುವ ಮನೆಯಲ್ಲಿ ಒಂದಾದರೂ ಆಸನ ಒಂದೂವರೆ ಅಡಿ ಎತ್ತರ ಇರಲಿ, ಕೈ ಊರಿ ಏಳಲು ಹಿಡಿಕೆ ಇರಲಿ. ತೀರಾ ತಗ್ಗಾದ, ಮೆತ್ತನೆಯ ಸೋಫಾದಿಂದ ಮಂಡಿನೋವಿನವರು ಏಳುವುದೇ ಕಷ್ಟ.

ಬಡಗಿಯವರಿಗೆ ಅಳತೆ ಹೇಗೆ ಕೊಡಬೇಕು?

ಬಾಯಲ್ಲಿ ಹೇಳಬೇಡಿ, ಮನೆಗೇ ಕರೆಸಿ. ಓರೆ ಗೋಡೆಯನ್ನು ಮೂರು ಎತ್ತರದಲ್ಲಿ ಅಳೆಸಿ: ನೆಲದ ಹತ್ತಿರ, ಸೊಂಟದ ಮಟ್ಟ, ತಲೆಯ ಮಟ್ಟ. ಹಳೇ ಗೋಡೆ ಅಡ್ಡಕ್ಕೆ ಓರೆ ಇರುವುದಲ್ಲದೆ ಕೆಳಗಿಂದ ಮೇಲಕ್ಕೂ ವಾಲಿರುತ್ತದೆ, ಗುಂಡುದಾರ ಬಿಟ್ಟರೆ ಗೊತ್ತಾಗುತ್ತದೆ. ಗೋಡೆಗೆ ತಾಗುವ ಅಂಚಿಗೆ ರಟ್ಟಿನಲ್ಲಿ ಅಚ್ಚು ಕತ್ತರಿಸಿಕೊಂಡು ಹೋಗಲಿ. ತೇವದ ಗೋಡೆಗೆ ಐಎಸ್ 710 ಗುರುತಿನ ಪ್ಲೈವುಡ್ ಹಾಕಿಸಿ, ಬೀರುವಿನ ಹಿಂದೆ ಅರ್ಧ ಇಂಚು ಗಾಳಿಗೆ ಬಿಡಿಸಿ. ಗೆದ್ದಲು ಇರುವ ಕಡೆ ಮರ ನೆಲಕ್ಕೆ ತಾಗದಂತೆ ಕೆಳಗೆ ನಾಲ್ಕು ಇಂಚಿನ ಕಲ್ಲಿನ ಪಟ್ಟಿ ಕೊಡಿಸಿ. ಕತ್ತರಿಸುವ ಮೊದಲು ಎಲ್ಲ ಅಳತೆಯನ್ನೂ ಒಂದು ಹಾಳೆಯಲ್ಲಿ ಬರೆಸಿ, ನಿಮ್ಮ ಟೇಪಿನಲ್ಲಿ ಇನ್ನೊಮ್ಮೆ ಅಳೆದು ನೋಡಿ.